ಆ ಕಿವಿಯನ್ನು ಸರಿಮಾಡಬೇಡ

ಏಳನೇ ತರಗತಿಯ ಹುಡುಗನೊಬ್ಬ ಬೆಕ್ಕಿನ ಚಿತ್ರ ಬರೆದು ತಂದ. ಬೂದು ಮೈ, ಹಣೆಯ ಮೇಲೆ ಪಟ್ಟೆ, ಮೀಸೆಯ ಕೂದಲು ಒಂದೊಂದೂ ಬಿಡಿಬಿಡಿ. ಫೋಟೊ ಪಕ್ಕದಲ್ಲಿಟ್ಟು ನೋಡಿದೆ. ಫೋಟೊದಲ್ಲಿ ಎಡಗಿವಿಯ ತುದಿ ಕತ್ತರಿ ಹಾಕಿದ ಹಾಗೆ ಮೊಂಡಾಗಿತ್ತು, ಚಿತ್ರದಲ್ಲಿ ಎರಡೂ ಕಿವಿ ಚೂಪು. ಯಾಕೋ ಅಂದೆ. "ಪಾಪ ಮೇಡಂ, ಗಾಯ ಆಗಿತ್ತಲ್ಲ, ಅದಕ್ಕೇ ಸರಿಮಾಡಿದೆ" ಅಂದ.

ಅದು ಗಾಯವಲ್ಲ. ಬೀದಿ ಬೆಕ್ಕುಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ, ಅರಿವಳಿಕೆ ಇಳಿಯುವ ಮೊದಲೇ ಕಿವಿಯ ತುದಿಯನ್ನು ಚೂರು ತೆಗೆದುಬಿಡುತ್ತಾರೆ. ಮುಂದೆ ಯಾರೂ ಇದನ್ನೇ ಮತ್ತೆ ಹಿಡಿದು ಆಪರೇಷನ್ ಟೇಬಲ್ ಮೇಲೆ ಮಲಗಿಸಬಾರದು ಎಂದು ದೂರದಿಂದಲೇ ಕಾಣುವಂತೆ ಮಾಡಿದ ಗುರುತು ಅದು. ಸಾಕಲು ಬರುವವರಿಗೂ ಬೇಕಾದ ಮಾಹಿತಿ. ಹುಡುಗ ಅದನ್ನು ಪ್ರೀತಿಯಿಂದಲೇ ಅಳಿಸಿಹಾಕಿದ್ದ.

ನಾನು ಡ್ರಾಯಿಂಗ್ ಟೀಚರ್. ಆಶ್ರಯ ಕೇಂದ್ರದಲ್ಲಿರುವ ನಾಯಿ ಬೆಕ್ಕುಗಳ ಚಿತ್ರಗಳನ್ನು ಮಕ್ಕಳಿಂದ ಬರೆಸಿ, ಅವು ದತ್ತು ಹೋಗಲು ನೆರವಾಗುವ ಯೋಜನೆಯನ್ನು ವರ್ಷವೂ ನಡೆಸುತ್ತೇನೆ. ಇತರ ಶಿಕ್ಷಕರು ಕೇಳಿದಾಗ ಮೊದಲು ಈ ಕಿವಿಯ ಕಥೆಯನ್ನೇ ಹೇಳುವುದು. ಚಿತ್ರ ನೋಡಿ ಮನಸ್ಸು ಮಾಡಿ ಬಂದವರು ಬೋನಿನ ಮುಂದೆ ನಿಂತಾಗ ಬೇರೆಯೇ ಬೆಕ್ಕು ಕಂಡರೆ, ಬಂದ ದಾರಿಯಲ್ಲೇ ವಾಪಸು ಹೋಗುತ್ತಾರೆ.

ಯಾವ ಪ್ರಾಣಿಯನ್ನು ಬರೆಸಬೇಕು? ಮಕ್ಕಳನ್ನು ಕೇಳಿದರೆ ಎಲ್ಲರಿಗೂ ಮರಿಗಳೇ ಬೇಕು. ಮರಿಗಳಿಗೆ ನಮ್ಮ ಸಹಾಯ ಅಷ್ಟಾಗಿ ಬೇಕಿಲ್ಲ, ಅವು ಹೇಗೋ ಮನೆ ಸೇರುತ್ತವೆ. ಕೇಂದ್ರದವರ ಹತ್ತಿರ ನಾನು ಕೇಳುವುದು ಬಹಳ ದಿನದಿಂದ ಅಲ್ಲೇ ಉಳಿದವುಗಳ ಪಟ್ಟಿ: ವಯಸ್ಸಾದವು, ಕುಂಟುವವು, ಹೆದರುಪುಕ್ಕಲು, ಮತ್ತೆ ಕಪ್ಪು ಬಣ್ಣದವು.

ಕಪ್ಪು ನಾಯಿಯ ಕಷ್ಟ ಅರ್ಧ ಕ್ಯಾಮೆರಾದ್ದೇ. ಮಬ್ಬು ಬೆಳಕಿನ ಗೂಡಿನಲ್ಲಿ ಮೊಬೈಲ್ ಹಿಡಿದರೆ ಅದು ಎರಡು ಕಣ್ಣಿರುವ ಮಸಿಮುದ್ದೆ. ಫ್ಲಾಶ್ ಹಾಕಿದರೆ ಇನ್ನೂ ಕೆಟ್ಟದು. ನಾಯಿ ಬೆಕ್ಕುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ತಿರುಗಿಸಿ ಕಳಿಸುವ ಪದರವೊಂದಿದೆ, ಅದರಿಂದ ಕಣ್ಣು ಹಸಿರು ಹಳದಿಯಾಗಿ ಧಗ್ ಎನ್ನುತ್ತದೆ. ಪೆನ್ಸಿಲ್ ಗೆಲ್ಲುವುದು ಇಲ್ಲೇ. ಆದರೆ ಮಕ್ಕಳು ಕಪ್ಪು ನಾಯಿ ಅಂದ ತಕ್ಷಣ ಬಿಳಿ ಹಾಳೆ ತೆಗೆದು ಕಪ್ಪು ಕ್ರೇಯಾನ್ ತಿಕ್ಕಲು ಶುರುಮಾಡುತ್ತಾರೆ. ಮೊಬೈಲ್ ಮಾಡಿದ ತಪ್ಪನ್ನೇ ಕೈಯಲ್ಲಿ ಮಾಡಿದ ಹಾಗೆ. ನಾನು ಕಪ್ಪು ಹಾಳೆ ಕೊಟ್ಟು ಬಿಳಿ ಪೆನ್ಸಿಲ್ ಒಂದನ್ನೇ ಕೊಡುತ್ತೇನೆ. ನಾಯಿಯನ್ನು ಬರೆಯಬೇಡಿ, ಅದರ ಮೇಲೆ ಬಿದ್ದ ಬೆಳಕನ್ನಷ್ಟೇ ಬರೆಯಿರಿ. ಮೂಗಿನ ಒದ್ದೆ ಹೊಳಪು, ಹುಬ್ಬಿನ ಮೂಳೆಯ ಮೇಲಿನ ಅಂಚು, ಕಿವಿಯ ಮಡಿಕೆ, ಎದೆಯ ಕೂದಲು ತಿರುಗುವ ಜಾಗ. ಹತ್ತು ನಿಮಿಷ ಹಾಳೆಯ ಮೇಲೆ ಏನೂ ಇರುವುದಿಲ್ಲ. ಆಮೇಲೆ ಎಲ್ಲಿಂದಲೋ ನಾಯಿ ಎದ್ದು ಬರುತ್ತದೆ. ಎರಡನೇ ಸುತ್ತಿಗೆ ನೀಲಿ ಮತ್ತು ಕಂದು ಪೇಸ್ಟಲ್: ಬಿಸಿಲಲ್ಲಿ ಕಪ್ಪು ತುಪ್ಪಳ ನೀಲಿಗೂ ಹೊಡೆಯುತ್ತದೆ, ಕೆಂಗಂದಿಗೂ ಹೊಡೆಯುತ್ತದೆ.

ಇನ್ನು ಕಣ್ಣು. ಮಕ್ಕಳಿಗೆ ಗೊತ್ತಿರುವುದು ಮನುಷ್ಯರ ಕಣ್ಣು ಬರೆಯಲು. ಹಾಗಾಗಿ ನಾಯಿಗೂ ಪಾಪೆಯ ಎರಡೂ ಕಡೆ ಧಾರಾಳವಾಗಿ ಬಿಳಿ ಬಿಟ್ಟುಬಿಡುತ್ತಾರೆ. ಸಮಾಧಾನವಾಗಿರುವ ನಾಯಿಯಲ್ಲಿ ಆ ಬಿಳಿ ಅಷ್ಟಾಗಿ ಕಾಣುವುದಿಲ್ಲ. ಮುಖ ಒಂದು ಕಡೆ ತಿರುಗಿಸಿ ಕಣ್ಣಂಚಲ್ಲಿ ನೋಡುತ್ತ, ಬಿಳಿ ಅರ್ಧಚಂದ್ರದ ಹಾಗೆ ಕಂಡರೆ, ಅದಕ್ಕೆ ಇರಿಸುಮುರಿಸಾಗಿದೆ ಎಂದರ್ಥ. ನಾಯಿಗಳ ಒಡನಾಟವಿದ್ದವರಿಗೆ ಚಿತ್ರ ನೋಡಿದೊಡನೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬಾಯಿಗೆ ಮನುಷ್ಯರ ನಗು ಅಂಟಿಸುವುದೂ ಇದೇ ಜಾತಿಯ ತಪ್ಪು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸಿಯರ್ ಕಪ್ಪು ಬಿಳುಪಿನ ನ್ಯೂಫೌಂಡ್‌ಲ್ಯಾಂಡ್ ನಾಯಿಗಳನ್ನು ಎಷ್ಟು ಸೊಗಸಾಗಿ ಬರೆದನೆಂದರೆ ಆ ಬಣ್ಣದ ನಾಯಿಗಳಿಗೆ ಲ್ಯಾಂಡ್‌ಸಿಯರ್ ಎಂದೇ ಹೆಸರು ಬಿತ್ತು. ಪ್ರಾಣಿಗಳ ಮುಖದಲ್ಲಿ ಮನುಷ್ಯರ ಭಾವ ತುಂಬುತ್ತಾನೆ ಎಂಬ ದೂರು ಅವನ ಮೇಲೂ ಇದೆ. ಅವನೇ ತಪ್ಪಿಸಿಕೊಳ್ಳಲಾಗಲಿಲ್ಲ ಎಂದರೆ ನನ್ನ ಮಕ್ಕಳನ್ನು ಹೆಚ್ಚು ಬೈಯಲಾರೆ.

ಫೋಟೊ ಆರಿಸುವಾಗಲೂ ಎಚ್ಚರ ಬೇಕು. ಕಿವಿ ಹಿಂದಕ್ಕೆ ಒತ್ತಿಕೊಂಡು, ತುಟಿ ನೆಕ್ಕಿಕೊಳ್ಳುತ್ತ, ಬಾಲ ಒಳಗೆ ಮಡಚಿ ಕೂತ ಫೋಟೊವನ್ನೇ ಚೆನ್ನಾಗಿ ನಕಲು ಮಾಡಿದರೆ ಹೆದರಿಕೆಯೇ ಚೆನ್ನಾಗಿ ಮೂಡುತ್ತದೆ. ಒಂದು ಪ್ರಾಣಿಗೆ ಮೂರು ನಾಲ್ಕು ಫೋಟೊ ಕೇಳಿ. ಒಂದಾದರೂ ಬಯಲಲ್ಲಿ, ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ತೆಗೆದದ್ದಿರಲಿ. ಇಡೀ ತರಗತಿಯನ್ನು ಗೂಡುಗಳ ನಡುವಿನ ಓಣಿಗೆ ನುಗ್ಗಿಸಬೇಡಿ. ಒಂದು ನಾಯಿ ಬೊಗಳಿದರೆ ಸಾಲುಸಾಲೇ ಬೊಗಳುತ್ತದೆ, ಯಾರೂ ಯಾರನ್ನೂ ನೋಡಲಾಗುವುದಿಲ್ಲ. ನಾಲ್ಕೈದು ಮಕ್ಕಳು ಅಂಗಳದಲ್ಲಿ ಕೂತು, ಓಡಾಡುವ ನಾಯಿಯ ಮೂವತ್ತು ಸೆಕೆಂಡಿನ ಸ್ಕೆಚ್ ಮಾಡಿಕೊಂಡರೆ ಸಾಕು.

ಚಿತ್ರದ ಕೆಳಗಿನ ಎರಡು ಸಾಲು ಚಿತ್ರದಷ್ಟೇ ಮುಖ್ಯ. "ಇವಳಿಗೆ ಮಕ್ಕಳೆಂದರೆ ಪ್ರಾಣ" ಎಂದು ಒಬ್ಬಳು ಬರೆದಿದ್ದಳು. ಯಾರು ಹೇಳಿದರು ಅಂದರೆ, "ಅವಳ ಮುಖ ನೋಡಿದರೆ ಗೊತ್ತಾಗುತ್ತೆ." ಆ ನಾಯಿಯ ಹತ್ತಿರ ಮಕ್ಕಳನ್ನು ಬಿಟ್ಟು ಯಾರೂ ನೋಡಿಯೇ ಇರಲಿಲ್ಲ. ಅದನ್ನು ನಂಬಿ ಎರಡು ವರ್ಷದ ಕೂಸಿರುವ ಮನೆಯವರು ಕರೆದೊಯ್ದರೆ ಹೊಣೆ ಯಾರದು? ಅಂದಿನಿಂದ ಒಂದೇ ನಿಯಮ: ಕೇಂದ್ರದವರು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಅವಳು ತಿದ್ದಿ ಬರೆದದ್ದು ಹೀಗೆ: "ಸರಪಳಿಯ ಸದ್ದು ಕೇಳಿದರೆ ಬಾಗಿಲ ಹತ್ತಿರ ಬಂದು ಕೂರುತ್ತಾಳೆ. ಮಳೆ ಅಂದರೆ ಆಗುವುದಿಲ್ಲ." ಇದರಲ್ಲಿ ನಾಯಿ ಕಾಣುತ್ತದೆ.

ಕರುಳು ಹಿಂಡುವ ಪೋಸ್ಟರ್ ನನಗೆ ಒಗ್ಗುವುದಿಲ್ಲ. ಸರಳಿನ ಹಿಂದೆ ಕಣ್ಣೀರು ಹರಿಸುವ ನಾಯಿಯನ್ನು ನೋಡಿದವರು ಕಾಸು ಹಾಕಿ ಮುಂದೆ ಹೋಗುತ್ತಾರೆ. ದೇಣಿಗೆಯೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ವರ್ಷ ಜೊತೆಗಿರಬೇಕಾದ ಪ್ರಾಣಿಯನ್ನು ಅಯ್ಯೋ ಪಾಪ ಎಂದು ಕರೆದೊಯ್ದವರು ಬೇಗ ಸುಸ್ತಾಗುವುದನ್ನು ಕಂಡಿದ್ದೇನೆ.

ಚಿತ್ರ ಬೇಡ, ಏನಾದರೂ ಮಾಡಿಕೊಡುತ್ತೇವೆ ಅನ್ನುವ ಮಕ್ಕಳೂ ಇರುತ್ತಾರೆ. ರಿಬ್ಬನ್, ದಾರ, ಮಣಿ, ಮಿನುಗುಪುಡಿ ಹಾಕಿದ ಆಟಿಕೆ ಖಂಡಿತ ಬೇಡ. ಬೆಕ್ಕು ದಾರ ನುಂಗಿದರೆ ಕರುಳು ಅದರ ಸುತ್ತ ನೆರಿಗೆಗಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಅದರ ಬದಲು ರಟ್ಟಿನ ಡಬ್ಬಿ. ಹೊಸದಾಗಿ ಕೇಂದ್ರಕ್ಕೆ ಬಂದ ಬೆಕ್ಕುಗಳಿಗೆ ಅಡಗಿ ಕೂರಲು ಡಬ್ಬಿ ಕೊಟ್ಟರೆ ಅವು ಬೇಗ ಶಾಂತವಾಗುತ್ತವೆ ಎಂದು ನೆದರ್ಲ್ಯಾಂಡ್ಸ್‌ನ ಆಶ್ರಯ ಕೇಂದ್ರವೊಂದರಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ತಲೆ ತೂರುವಷ್ಟು ಬಾಗಿಲು ಕೊರೆದು, ಹೊರಮೈಗೆ ಮಾತ್ರ ಬಣ್ಣ ಬಳಿದು, ವಾಸನೆ ಹೋಗುವ ತನಕ ಒಣಗಿಸಿ ಕಳಿಸುತ್ತೇವೆ. ಬಣ್ಣ ನೋಡುವವರಿಗಾಗಿ, ಕತ್ತಲು ಬೆಕ್ಕಿಗಾಗಿ. ರಟ್ಟನ್ನು ತೊಳೆದು ಸೋಂಕು ತೆಗೆಯಲಾಗದು, ಹಾಗಾಗಿ ಒಂದು ಬೆಕ್ಕಿಗೆ ಒಂದೇ ಡಬ್ಬಿ. ಬೆಕ್ಕು ಹೋದ ಮೇಲೆ ಡಬ್ಬಿ ಕಸಕ್ಕೆ. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ. ಒಂದು ವರ್ಷ ಮರೆತೆ. ವಾರಗಟ್ಟಲೆ ಕೂತು ಡಬ್ಬಿಯ ಮೇಲೆ ಮೀನಿನ ಚಿಪ್ಪುಗಳನ್ನು ಬರೆದಿದ್ದ ಹುಡುಗಿ ಆಮೇಲೆ ನನ್ನ ಹತ್ತಿರ ಮೂರು ದಿನ ಮಾತಾಡಲಿಲ್ಲ.

ಹರಾಜು, ಬಹುಮಾನ ಎರಡನ್ನೂ ನಿಲ್ಲಿಸಿದ್ದೇನೆ. ಯಾರೂ ಕೊಳ್ಳದ ಚಿತ್ರದ ಮುಂದೆ ನಿಂತ ಮಗುವಿನ ಮುಖವನ್ನು ಒಮ್ಮೆ ನೋಡಿದರೆ ಸಾಕು. ಈಗ ಪ್ರಾಣಿಯ ಜೊತೆಗೇ ಅದರ ಚಿತ್ರವೂ ಆ ಮನೆಗೆ ಹೋಗುತ್ತದೆ, ಮೂಲೆಯಲ್ಲಿ ಮಗುವಿನ ಮೊದಲ ಹೆಸರು ಮಾತ್ರ. ದತ್ತು ಆದ ದಿನವೇ ಚಿತ್ರ ಗೋಡೆಯಿಂದ ಇಳಿಯಬೇಕು, ಇಲ್ಲದಿದ್ದರೆ ಜನ ಹೋಗಿಬಿಟ್ಟ ನಾಯಿಯನ್ನೇ ಕೇಳಿಕೊಂಡು ಬರುತ್ತಾರೆ.

ಆ ಹುಡುಗ ರಬ್ಬರ್ ತೆಗೆದುಕೊಂಡು ಎಡಗಿವಿಯ ತುದಿಯನ್ನು ಅಳಿಸಿದ. ಅಡ್ಡಗೆರೆ ಎಳೆದ. ಹಾಳೆಯನ್ನು ದೂರ ಹಿಡಿದು ನೋಡಿ, "ಈಗ ಅದೇ ಬೆಕ್ಕು" ಅಂದ.