ಹೀಲಿಯಂ ಇಲ್ಲ ಅಂತ ಫಿಸಿಕ್ಸ್ ಲ್ಯಾಬ್‌ಗಳು ಗೋಳಾಡುವುದು ಯಾಕೆ?

ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್, ಅಂದರೆ ಘನ ಮತ್ತು ದ್ರವ ವಸ್ತುಗಳ ಒಳಗುಟ್ಟು ನೋಡುವ ಲ್ಯಾಬ್‌ಗಳಲ್ಲಿ ಥಂಪರ್ ಅಂತ ಒಂದು ಉಪಕರಣ ಇರುತ್ತದೆ. ಉಪಕರಣ ಅನ್ನುವುದೂ ಜಾಸ್ತಿಯಾಯಿತು. ಉದ್ದನೆಯ ಸಪೂರ ಕೊಳವೆ, ಮೇಲ್ತುದಿಗೆ ಬಿಗಿದ ತೆಳು ರಬ್ಬರ್, ಅಷ್ಟೇ. ದ್ರವ ಹೀಲಿಯಂ ತುಂಬಿದ ಡ್ಯೂವಾರ್‌ಗೆ, ಅಂದರೆ ಆಳೆತ್ತರದ ಥರ್ಮಾಸ್ ಫ್ಲಾಸ್ಕ್‌ಗೆ, ಅದನ್ನು ನಿಧಾನವಾಗಿ ಇಳಿಸಿ ರಬ್ಬರ್ ಮೇಲೆ ಹೆಬ್ಬೆರಳು ಇಟ್ಟರೆ ನಾಡಿ ಬಡಿದ ಹಾಗೆ ಬಡಿತ ಸಿಗುತ್ತದೆ. ಕೊಳವೆಯ ತುದಿ ದ್ರವದೊಳಗೆ ಇದ್ದರೆ ಬಡಿತ ನಿಧಾನ. ಮೇಲೆತ್ತುತ್ತಾ ಬಂದು ತುದಿ ದ್ರವದಿಂದ ಹೊರಗೆ ಬಂತೋ, ಬಡಿತ ತಟ್ಟನೆ ಚುರುಕಾಗುತ್ತದೆ. ಆ ಜಾಗಕ್ಕೆ ಗುರುತು ಹಾಕಿ ಸ್ಕೇಲ್ ಹಿಡಿದರೆ ಒಳಗೆ ಇನ್ನೆಷ್ಟು ಉಳಿದಿದೆ ಅಂತ ಗೊತ್ತಾಯಿತು. ಪಕ್ಕದಲ್ಲಿ ಕೋಟಿ ರೂಪಾಯಿಯ ಮ್ಯಾಗ್ನೆಟ್ ಕೂತಿರುತ್ತದೆ, ಪಿಎಚ್‌ಡಿ ಹುಡುಗ ಮಾತ್ರ ಹಳ್ಳಿ ಪಂಡಿತರ ಹಾಗೆ ನಾಡಿ ಹಿಡಿದು ನಿಂತಿರುತ್ತಾನೆ.

ಅಷ್ಟು ಜೋಪಾನ ಯಾಕೆ ಅಂದರೆ, ಹೀಲಿಯಂ ಕುದಿಯುವುದೇ 4.2 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 269 ಡಿಗ್ರಿಯಲ್ಲಿ. ಒಂದೇ ಒಂದು ವ್ಯಾಟ್ ಶಾಖ ಒಳಗೆ ನುಸುಳಿದರೂ ಗಂಟೆಗೆ 1.4 ಲೀಟರ್ ಆವಿ. ಒಂದು ಲೀಟರ್ ದ್ರವ ಕೋಣೆಯ ಬಿಸಿಗೆ ಬಂದರೆ ಸುಮಾರು 750 ಲೀಟರ್ ಗ್ಯಾಸ್ ಆಗುತ್ತದೆ. ಅದನ್ನು ಹಿಡಿಯದೆ ಬಿಟ್ಟರೆ ಗಾಳಿಗೆ ಸೇರಿ, ಕೊನೆಗೆ ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಗಾಳಿಯಲ್ಲಿ ಹೀಲಿಯಂ ಇರುವುದು ಹತ್ತು ಲಕ್ಷಕ್ಕೆ ಐದೇ ಪಾಲು. ವಾಪಸ್ ಹಿಡಿಯುತ್ತೇನೆ ಅಂದರೆ ಖರ್ಚು ಕೈಗೆಟುಕುವುದಿಲ್ಲ.

ಸುಮ್ನೆ ಇಷ್ಟು ತಣ್ಣಗೆ ಮಾಡುವುದಲ್ಲ. ಕೋಣೆಯ ಬಿಸಿಯಲ್ಲಿ ವಸ್ತುವಿನೊಳಗಿನ ಪರಮಾಣುಗಳು ಒಂದೇ ಸಮ ಕುಣಿಯುತ್ತಿರುತ್ತವೆ. ಆ ಗದ್ದಲದಲ್ಲಿ ಎಲೆಕ್ಟ್ರಾನ್‌ಗಳ ಪಿಸುಮಾತು ಕೇಳುವುದಿಲ್ಲ. ಗದ್ದಲ ಅಡಗಿಸಬೇಕು, ಅದಕ್ಕೇ ಹೀಲಿಯಂ.

ಈ ಹೀಲಿಯಂ ಕಥೆ ಶುರುವಾಗುವುದು ಆಕಾಶದಿಂದ, ಅದರ ಒಂದು ಎಳೆ ನಮ್ಮ ಜಮಖಂಡಿಯಲ್ಲೂ ಇದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಸ್ಪೆಕ್ಟ್ರೋಸ್ಕೋಪ್, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಉಪಕರಣ, ಹಿಡಿದು ಕೂತಿದ್ದರು. ಸೂರ್ಯನ ಅಂಚಿನ ಬೆಳಕಿನಲ್ಲಿ ಕಿತ್ತಳೆ ಹಳದಿಯ ಒಂದು ಗೆರೆ ಕಂಡಿತು. ಸೋಡಿಯಂ ಗೆರೆಯ ಪಕ್ಕದಲ್ಲೇ ಇದ್ದದ್ದರಿಂದ ಅದು ಹೊಸದು ಅಂತ ತಕ್ಷಣ ಹೊಳೆಯಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಅಳೆದು ನೋಡಿ ಇದು ಸೋಡಿಯಂ ಅಲ್ಲ ಅಂದರು. ಆ ಗೆರೆಯ ಒಡೆಯನೇ ಹೀಲಿಯಂ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ರಸಾಯನ ವಿಜ್ಞಾನಿ ರಾಮ್‌ಸೇ ಅವರಿಗೆ, ಯುರೇನಿಯಂ ಇರುವ ಒಂದು ಖನಿಜದಲ್ಲಿ.

ಅದನ್ನು ದ್ರವ ಮಾಡಿದ್ದು ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ತಂಡ. ಕಮರ್ಲಿಂಗ್ ಓನ್ನೆಸ್ ಅಲ್ಲಿನ ಪ್ರೊಫೆಸರ್. ಅವರ ಲ್ಯಾಬ್ ಒಂದು ಕಾರ್ಖಾನೆಯ ಹಾಗೆ ಇತ್ತು. ಗಾಜು ಊದುವವರನ್ನೂ ಉಪಕರಣ ಮಾಡುವವರನ್ನೂ ತಯಾರು ಮಾಡಲು ಅವರೇ ಒಂದು ಶಾಲೆ ಕಟ್ಟಿದ್ದರು, ನೀಲಿ ಅಂಗಿ ತೊಟ್ಟ ಆ ಹುಡುಗರಿಗೆ 'ನೀಲಿ ಹುಡುಗರು' ಅಂತಲೇ ಹೆಸರು. ಹೀಲಿಯಂ ಬಂದದ್ದು ಅಮೆರಿಕದ ನಾರ್ತ್ ಕೆರೊಲಿನಾದ ಮೊನಜೈಟ್ ಮರಳಿನಿಂದ, ಆ ಮರಳನ್ನು ಹೊಂದಿಸಿಕೊಟ್ಟಿದ್ದು ವ್ಯಾಪಾರ ಇಲಾಖೆಯಲ್ಲಿದ್ದ ಅವರ ತಮ್ಮ. 1908ರ ಜುಲೈ 10ರಂದು ನಸುಕಿನಲ್ಲೇ ಕೆಲಸ ಶುರು. ಸಂಜೆಯಾದರೂ ದ್ರವ ಕಾಣಲಿಲ್ಲ, ಥರ್ಮಾಮೀಟರ್ ಮಾತ್ರ ಒಂದೇ ಕಡೆ ನಿಂತುಬಿಟ್ಟಿತ್ತು. ನೋಡಲು ಬಂದಿದ್ದ ಇನ್ನೊಬ್ಬ ಪ್ರೊಫೆಸರ್, ಅದು ಈಗಾಗಲೇ ದ್ರವದಲ್ಲಿ ಮುಳುಗಿರಬಹುದಲ್ಲ ಅಂದರು. ಕೆಳಗಿನಿಂದ ದೀಪ ಹಿಡಿದು ನೋಡಿದರೆ, ಗಾಜಿನೊಳಗೆ ದ್ರವದ ಅಂಚು ಚಾಕುವಿನ ಅಲಗಿನ ಹಾಗೆ ಕಂಡಿತು. ಸಿಕ್ಕಿದ್ದು ಬರೀ 60 ಮಿಲಿಲೀಟರ್, ಒಂದು ಬೈಟು ಕಾಫಿಯಷ್ಟು. 1911ರಲ್ಲಿ ಅದೇ ಲ್ಯಾಬಿನಲ್ಲಿ ಪಾದರಸದ ವಿದ್ಯುತ್ ರೋಧ ಏಕಾಏಕಿ ಮಾಯವಾಯಿತು, ಸೂಪರ್‌ಕಂಡಕ್ಟಿವಿಟಿ ಹುಟ್ಟಿದ್ದು ಹಾಗೆ. ಹೀಲಿಯಂ ದ್ರವ ಮಾಡುವ ಎರಡನೇ ಲ್ಯಾಬ್ ಬರಲು 1923 ಆಗಬೇಕಾಯಿತು, ಅದು ಕೆನಡಾದ ಟೊರೊಂಟೊದಲ್ಲಿ. 1940ರ ದಶಕದಲ್ಲಿ ಅಮೆರಿಕದ ಕಾಲಿನ್ಸ್ ಅವರ ಯಂತ್ರ ಬಂದ ಮೇಲೆ ಹೀಲಿಯಂ ಲಿಕ್ವಿಫೈಯರ್, ಅಂದರೆ ದ್ರವ ಮಾಡುವ ಯಂತ್ರ, ದುಡ್ಡಿದ್ದವರೆಲ್ಲ ಕೊಂಡು ತರಬಹುದಾದ ವಸ್ತುವಾಯಿತು.

ಈ ನಡುವೆ ಅಮೆರಿಕದಲ್ಲಿ ಒಂದು ತಮಾಷೆ ನಡೆದಿತ್ತು. 1903ರಲ್ಲಿ ಕಾನ್ಸಸ್‌ನ ಡೆಕ್ಸ್‌ಟರ್ ಎಂಬ ಊರಿನಲ್ಲಿ ಬಾವಿ ಕೊರೆದಾಗ ಗ್ಯಾಸ್ ಭರ್ ಅಂತ ಚಿಮ್ಮಿತು. ಊರಿನವರು ಹಬ್ಬ ಮಾಡಿ ಬೆಂಕಿ ಹಚ್ಚಲು ಹೋದರೆ ಹತ್ತಲೇ ಇಲ್ಲ, ಬೆಂಕಿಯೇ ಆರಿತು. ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿದಾಗ ಬಹುಪಾಲು ನೈಟ್ರೋಜನ್, ಜೊತೆಗೆ ಶೇ 2ರ ಹತ್ತಿರ ಹೀಲಿಯಂ! ನೆಲದಾಳದ ಯುರೇನಿಯಂ, ಥೋರಿಯಂ ಕೋಟ್ಯಂತರ ವರ್ಷ ಕ್ಷಯಿಸುತ್ತಾ ಬಂದು ಕೂಡಿಟ್ಟ ಗಂಟು ಅದು. ಹಗುರ ಗ್ಯಾಸ್ ತುಂಬಿ ತೇಲಿಸುವ ಏರ್‌ಶಿಪ್‌ಗಳ ಕಾಲ ಬಂದಾಗ ಅಮೆರಿಕಕ್ಕೆ ಆಸೆಯಾಯಿತು, 1925ರಲ್ಲಿ ಕಾನೂನು ಮಾಡಿ ಕೂಡಿಡಲು ಶುರುಮಾಡಿತು. ಟೆಕ್ಸಸ್‌ನ ಅಮರಿಲೋ ಪಕ್ಕದ ನೆಲದಾಳದ ಬಂಡೆಗಳೇ ಉಗ್ರಾಣ. ತುಂಬಿಸುವ ಖರ್ಚಿಗೆ ಸರ್ಕಾರದ ಖಜಾನೆಯಿಂದಲೇ ಸಾಲ, ಅದು ಬೆಳೆದು ಬೆಳೆದು 140 ಕೋಟಿ ಡಾಲರ್ ಹತ್ತಿರ ಬಂತು.

ಎಡವಟ್ಟಾಗಿದ್ದು ಇಲ್ಲೇ ಅಂತ ನನ್ನ ಲೆಕ್ಕ. 1996ರಲ್ಲಿ ಇನ್ನೊಂದು ಕಾನೂನು ಬಂತು. ಉಗ್ರಾಣ ಖಾಲಿ ಮಾಡಿ, ಸಾಲ ತೀರಿಸಿ, ಅಂಗಡಿ ಮುಚ್ಚಿ ಅಂತ. ಬೆಲೆ ಕಟ್ಟಿದ್ದು ಸಾಲದ ಲೆಕ್ಕ ನೋಡಿ, ಮಾರುಕಟ್ಟೆ ನೋಡಿ ಅಲ್ಲ. ಜಗತ್ತಿನ ಅತಿ ದೊಡ್ಡ ದಾಸ್ತಾನೇ ಅಗ್ಗಕ್ಕೆ ಸಿಗುವಾಗ ಆವಿಯಾದ ಗ್ಯಾಸನ್ನು ಪೈಪು ಹಾಕಿ ಹಿಡಿಯುವ ತಲೆನೋವು ಯಾರಿಗೆ ಬೇಕು? ಎಷ್ಟೋ ಲ್ಯಾಬ್‌ಗಳು ಗಾಳಿಗೆ ಬಿಟ್ಟವು. ಕಾನೂನಿಗೆ ಸಹಿ ಬಿದ್ದ ಅದೇ ಅಕ್ಟೋಬರ್‌ನಲ್ಲಿ ಹೀಲಿಯಂನ ಹಗುರ ರೂಪವಾದ ಹೀಲಿಯಂ-3ರ ಕೆಲಸಕ್ಕೆ ಭೌತಶಾಸ್ತ್ರದ ನೊಬೆಲ್ ಬಂತು. ಪಡೆದ ಮೂವರಲ್ಲಿ ಒಬ್ಬರಾದ ರಾಬರ್ಟ್ ರಿಚರ್ಡ್‌ಸನ್ ಮುಂದೆ ಈ ಮಾರಾಟವನ್ನು ಬಲವಾಗಿ ವಿರೋಧಿಸಿದರು. ನಿಜವಾದ ಬೆಲೆ ಹಾಕಿದರೆ ಒಂದು ಪಾರ್ಟಿ ಬಲೂನಿಗೆ 100 ಡಾಲರ್ ಆಗಬೇಕು ಅನ್ನುತ್ತಿದ್ದರು.

ಆಮೇಲೆ ಪೂರೈಕೆಗೆ ಒಂದಾದ ಮೇಲೊಂದು ಪೆಟ್ಟು. 2017ರಲ್ಲಿ ನೆರೆಯವರು ಕತಾರ್‌ಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳು ನಿಂತವು. 2022ರ ಜನವರಿಯಲ್ಲಿ ರಷ್ಯಾದ ಹೊಸ ಅಮೂರ್ ಘಟಕದಲ್ಲಿ ಸ್ಫೋಟ. 2024ರಲ್ಲಿ ಅಮರಿಲೋ ಉಗ್ರಾಣ ಮೆಸ್ಸರ್ ಎಂಬ ಖಾಸಗಿ ಕಂಪನಿಯ ಪಾಲಾಯಿತು. ಆಸ್ಪತ್ರೆಯ ಎಂಆರ್‌ಐ ಮ್ಯಾಗ್ನೆಟ್ ತಣ್ಣಗಿಡಲೂ ಹೀಲಿಯಂ ಬೇಕು; ಕೊರತೆ ಬಂದಾಗ ಅದಕ್ಕೆ ಮೊದಲು ಕೊಡಬೇಕು, ಅದು ಸರಿಯೇ. ಆದರೆ ಸರದಿಯ ಕೊನೆಯಲ್ಲಿ ನಿಲ್ಲುವುದು ವಿಶ್ವವಿದ್ಯಾಲಯದ ಚಿಕ್ಕ ತಂಡ.

ನಮ್ಮಲ್ಲಿ ಆಮದೇ ಆಧಾರ, ಹಾಗಾಗಿ ಇಲ್ಲಿ ಜಿಪುಣತನ ಮೊದಲಿಂದಲೂ ಇತ್ತು ಅನ್ನಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕ್ರಯೋಜೆನಿಕ್, ಅಂದರೆ ಅತಿ ಶೀತದ ತಂತ್ರಜ್ಞಾನದ ಕೇಂದ್ರವೇ ಹೀಲಿಯಂ ದ್ರವ ಮಾಡಿ ಲ್ಯಾಬ್‌ಗಳಿಗೆ ಕೊಡುತ್ತದೆ. ಆವಿಯನ್ನು ವಾಪಸ್ ಹಿಡಿಯುವ ರಿಕವರಿ ವ್ಯವಸ್ಥೆ ಇರುವ ಕಡೆ ಆವಿಯೆಲ್ಲ ಪೈಪಿನಲ್ಲಿ ಬಂದು ದೊಡ್ಡ ಚೀಲದಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿಂದ ಕಂಪ್ರೆಸರ್, ಸಿಲಿಂಡರ್, ಮತ್ತೆ ಲಿಕ್ವಿಫೈಯರ್. ಎಲ್ಲೋ ಒಂದು ವಾಲ್ವ್ ಬಿಗಿ ಮಾಡುವುದು ಮರೆತರೆ ಗಾಳಿ ಒಳಗೆ ಸೇರಿ ಗ್ಯಾಸೆಲ್ಲ ಕೆಡುತ್ತದೆ, ಬೈಗುಳ ಗ್ಯಾರಂಟಿ.

ಹೊಸ ತಂಡಗಳು ಈಗ 'ಡ್ರೈ' ಫ್ರಿಜ್ ಕೊಳ್ಳುತ್ತಿವೆ. ಒಳಗೆ ಮುಚ್ಚಿಟ್ಟ ಸ್ವಲ್ಪ ಹೀಲಿಯಂ ಅಲ್ಲೇ ಸುತ್ತುತ್ತಿರುತ್ತದೆ, ಕರೆಂಟ್ ಇದ್ದರೆ ಸಾಕು, ಡ್ಯೂವಾರ್ ತಳ್ಳಿಕೊಂಡು ಹೋಗುವ ಕೆಲಸವೇ ಇಲ್ಲ. ಆದರೆ ಅದನ್ನು ತಣ್ಣಗೆ ಮಾಡುವ ಪಲ್ಸ್ ಟ್ಯೂಬ್ ಎಂಬ ಭಾಗ ಸೆಕೆಂಡಿಗೊಮ್ಮೆಯೋ ಎರಡು ಸಲವೋ ಚುಫ್ ಚುಫ್ ಅಂತ ಅಲುಗಾಡಿಸುತ್ತಲೇ ಇರುತ್ತದೆ. ಸೂಜಿಯ ತುದಿಯಿಂದ ಒಂದೊಂದೇ ಪರಮಾಣು ತಡವಿ ನೋಡುವ ಎಸ್‌ಟಿಎಂ ಎಂಬ ಸೂಕ್ಷ್ಮದರ್ಶಕದವರಿಗೆ ಆ ನಡುಕ ಆಗಿಬರುವುದಿಲ್ಲ. ಅದನ್ನು ತಡೆಯಲು ಸ್ಪ್ರಿಂಗ್ ಅಂತೆ, ಬೆಲ್ಲೋಸ್ ಅಂತೆ, ಏನೇನೋ ಕಟ್ಟುತ್ತಿದ್ದಾರೆ. ಅಲ್ಲಿಯವರೆಗೆ ಅವರಲ್ಲಿ ಬಹಳ ಜನ ಹಳೆಯ ಡ್ಯೂವಾರ್‌ಗೇ ಅಂಟಿಕೊಂಡಿದ್ದಾರೆ, ಥಂಪರ್ ಕೂಡ ಗೋಡೆಯ ಮೊಳೆಗೆ ನೇತಾಡುತ್ತಲೇ ಇದೆ.