ನಾಟಕದವರು ಶೂಟಿಂಗಿಗೆ ಹೋದಾಗ

ದಾವಣಗೆರೆಯಲ್ಲಿ ನನ್ನ ಹತ್ತಿರ ನಟನೆ ಕಲಿಯಲು ಬರುವವರಲ್ಲಿ ಜಾಸ್ತಿ ಜನ ನಾಟಕದವರು. ಕೆಲವರು ಸಾಣೇಹಳ್ಳಿಯ ಶಿವಸಂಚಾರ ನಾಟಕ ತಂಡದಲ್ಲಿ ಊರೂರು ಸುತ್ತಿದವರು. ಕೆಲವರ ಮನೆಯ ಹಿರಿಯರು ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವರು. ಕಂಪನಿ ನಾಟಕದ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರಲ್ವಾ ಇದು! ಇವರಿಗೆ ಕಂಠ ಇದೆ, ಮಾತು ಬಾಯಿಪಾಠ ಇರುತ್ತದೆ. ಆದರೂ ಮೊದಲ ಶೂಟಿಂಗಿನಲ್ಲಿ ತಡವರಿಸುತ್ತಾರೆ. ಕ್ಯಾಮೆರಾ ಭಯ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇವರಿಗೆ ಕಷ್ಟವಾಗುವುದು ಕಾಯುವುದು, ಮತ್ತೆ ಪಾತ್ರವನ್ನು ತುಂಡು ತುಂಡಾಗಿ ಮಾಡುವುದು.

ನಾಟಕದಲ್ಲಿ ಅಳುವ ದೃಶ್ಯ ಕೊನೆಗೆ ಬಂದರೆ, ಹಿಂದಿನ ದೃಶ್ಯಗಳೇ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಬಂದಿರುತ್ತವೆ. ಸೆಟ್ಟಿನಲ್ಲಿ ಅದೇ ಅಳು ಬೆಳಗಿನ ಮೊದಲ ಶಾಟ್ ಆಗಬಹುದು. ಲೊಕೇಶನ್, ಕಲಾವಿದರ ಡೇಟ್ಸ್, ಬೆಳಕು ನೋಡಿಕೊಂಡು ಶೂಟಿಂಗ್ ನಡೆಯುತ್ತದೆ, ಕಥೆ ನೋಡಿಕೊಂಡಲ್ಲ.

ಚಿತ್ರದುರ್ಗದ ಕೋಟೆಯನ್ನೇ ತೆಗೆದುಕೊಳ್ಳಿ. 1972ರ ‘ನಾಗರಹಾವು’ ಬಂದ ಮೇಲೆ ಸಿನಿಮಾದವರಿಗೂ ನೋಡುವವರಿಗೂ ಪ್ರೀತಿಯ ಜಾಗ ಅದು. ಅಲ್ಲಿ ಇಬ್ಬರು ಬಂಡೆ ಮೇಲೆ ನಿಂತು ಜಗಳವಾಡುವ ಸೀನ್ ಇದೆ ಅನ್ನಿ. ಬಿಸಿಲು ತಿರುಗುವ ಮೊದಲು ಒಂದು ಕಡೆಯ ಶಾಟ್‌ಗಳನ್ನೆಲ್ಲ ಮುಗಿಸುತ್ತಾರೆ. ಆಮೇಲೆ ಕ್ಯಾಮೆರಾ ಎದುರು ದಿಕ್ಕಿಗೆ ಹೋಗುತ್ತದೆ. ಹಾಗಾಗಿ ಬೈದವನ ಕ್ಲೋಸಪ್ ಬೆಳಗ್ಗೆ, ಬೈಸಿಕೊಂಡವನದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಕಲ್ಲು ಕಾದಿರುತ್ತದೆ. ಬೆವರಿಗೆ ಮೇಕಪ್ ಇಳಿದಿರುತ್ತದೆ. ಎದುರಿನ ನಟ ಕೆಲವು ಸಲ ಹೊರಟೇ ಹೋಗಿರುತ್ತಾನೆ. ಅವನ ಮಾತನ್ನು ಸಹಾಯಕ ನಿರ್ದೇಶಕರು ಹಾಜರಿ ಕರೆದ ಹಾಗೆ ಓದುತ್ತಾರೆ. ಆ ಸಪ್ಪೆ ದನಿಗೆ ನೀವು ಕಣ್ಣು ತುಂಬಿಕೊಳ್ಳಬೇಕು. ಇದು ನಿಜವಾಗಿಯೂ ದೊಡ್ಡ ವಿದ್ಯೆ. ಇದಕ್ಕಾಗಿಯೇ ನಾನು ಕ್ಲಾಸಿನಲ್ಲಿ ಒಂದೇ ಸೀನನ್ನು ಹಿಂದುಮುಂದು ಮಾಡಿಸುತ್ತೇನೆ. ಎದುರಿಗೆ ಯಾರೂ ಇಲ್ಲದೆ, ಗೋಡೆ ಮೇಲಿನ ಗುರುತು ನೋಡಿಕೊಂಡು ಮಾತಾಡಿಸುತ್ತೇನೆ.

ಇದರ ಜೊತೆ ಕಂಟಿನ್ಯೂಯಿಟಿ. ಯಾವ ಮಾತಿಗೆ ಕೈ ಎತ್ತಿದಿರಿ, ಲೋಟ ಯಾವ ಕೈಯಲ್ಲಿತ್ತು, ಇದೆಲ್ಲ ಶಾಟ್‌ನಿಂದ ಶಾಟ್‌ಗೆ ಬದಲಾದರೆ ಎಡಿಟಿಂಗಿನಲ್ಲಿ ಕೂಡುವುದಿಲ್ಲ. ಚೆನ್ನಾಗಿ ಬಂದ ಟೇಕ್ ಕೂಡ ಕೈಬಿಟ್ಟು ಹೋಗುತ್ತದೆ. ಸುಮ್ನೆ ಕೈ ಆಡಿಸಬೇಡಿ. ಕೈ ಎತ್ತಲೇಬೇಕಾದರೆ ಯಾವ ಪದಕ್ಕೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಇನ್ನೊಂದು ಮಾತು. ದೂರದ ಶಾಟ್‌ನಲ್ಲೇ ಇರುವ ಶಕ್ತಿಯನ್ನೆಲ್ಲ ಸುರಿಯಬೇಡಿ. ನಾಟಕದವರು ಅರ್ಧಂಬರ್ಧ ಮಾಡುವುದು ತಪ್ಪು ಅಂದುಕೊಂಡಿರುತ್ತಾರೆ. ಆದರೆ ಕ್ಲೋಸಪ್ ಬರುವ ಹೊತ್ತಿಗೆ ಗಂಟಲೂ ಕಣ್ಣೂ ದಣಿದಿರುತ್ತವೆ.

ಕಾಯುವ ವಿಷಯದಲ್ಲಿ ನನಗೆ ಸಿಟ್ಟಿದೆ. ಹೀರೋಗೆ ಕ್ಯಾರವಾನ್ ಇರುತ್ತದೆ. ಒಂದೇ ಸೀನಿನ ಕಲಾವಿದರು, ಜೂನಿಯರ್ ಆರ್ಟಿಸ್ಟ್‌ಗಳು ಬೆಳಗಿನ ಕಾಲ್‌ಶೀಟಿಗೆ ಬಂದು ಬಿಸಿಲಲ್ಲೇ ಕೂತಿರುತ್ತಾರೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಮರೆ ಕೂಡ ಇಲ್ಲದ ಸೆಟ್ ನೋಡಿದ್ದೇನೆ. ಅಂಥ ಕಡೆ ಸಂಜೆ ಅವರ ಶಾಟ್ ಬಂದಾಗ ಮುಖದಲ್ಲಿ ಜೀವ ಇಲ್ಲ ಅಂತ ಬೈಯುವುದು ಅನ್ಯಾಯ. ಹೊರಾಂಗಣ ಶೂಟಿಂಗ್ ಮಾಡುವ ನಿರ್ಮಾಪಕರು ನೆರಳಿಗೆ ಒಂದು ಶಾಮಿಯಾನ, ಕುಡಿಯುವ ನೀರು, ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಇವನ್ನು ಕ್ಯಾಮೆರಾ ಬಾಡಿಗೆಯ ಪಟ್ಟಿಯಲ್ಲೇ ಸೇರಿಸಿಕೊಳ್ಳಲಿ.