ರಾಜರ ಕಾರಿನ ತೂತು ಮುಚ್ಚಬೇಡಿ

ಹಳೇ ರೋಲ್ಸ್ ರಾಯ್ಸ್ ಕಾರೊಂದು ರಿಪೇರಿಗೆ ನಮ್ಮ ಶೆಡ್ಡಿಗೆ ಬಂದರೆ ನಾನು ಮೊದಲು ಬಾನೆಟ್ ಎತ್ತುವುದಿಲ್ಲ. ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ. ಗಟ್ಟಿ ಸದ್ದು ಬಂದರೆ ಒಳಗಿನ ಮರ ಇನ್ನೂ ಚೆನ್ನಾಗಿದೆ. ಡಬಡಬ ಎಂದರೆ ಗೆದ್ದಲು ಊಟ ಮುಗಿಸಿ ಎದ್ದು ಹೋಗಿದೆ.

ಕಾರಿನಲ್ಲಿ ಮರ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಆಗೆಲ್ಲ ಕಂಪನಿ ಮಾರುತ್ತಿದ್ದದ್ದು ಎಂಜಿನ್, ಗೇರ್‌ಬಾಕ್ಸ್, ಚಕ್ರ ಇರುವ ಬರೀ ಚಾಸಿಯನ್ನು. ಬಾಡಿ ಕಟ್ಟುವವರು ಬೇರೆ. ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ, ಎಲ್ಲ ಕುದುರೆಗಾಡಿ ಕಟ್ಟಿ ಕೈ ಪಳಗಿಸಿಕೊಂಡವರು. ಆ್ಯಶ್ ಮರದ ಹಂದರ ನಿಲ್ಲಿಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡನ್ನು ಕೈಯಲ್ಲೇ ಬಡಿದು ಹೊದಿಸುತ್ತಿದ್ದರು. ಎಂಜಿನ್ ಯಾರು ಕೊಂಡರೂ ಒಂದೇ. ನಮ್ಮ ರಾಜರು ಹೇಳಿ ಮಾಡಿಸಿದ್ದೆಲ್ಲ ಬಾಡಿಯಲ್ಲೇ ಇರುತ್ತದೆ.

ರಾಜರ ಕಾರು ಅಂದ ಕೂಡಲೇ ಜನ ಚಿನ್ನ, ರತ್ನ ಹುಡುಕುತ್ತಾರೆ. ನನ್ನ ಕಣ್ಣಿಗೆ ಜಾಸ್ತಿ ಕಾಣುವುದು ಅವರ ದಿನಚರಿ. ರಾಜಸ್ಥಾನದ ಕೋಟಾ ಸಂಸ್ಥಾನದ ರಾಜ ಎರಡನೇ ಉಮೇದ್ ಸಿಂಗ್ ಅವರಿಗೆ 1925ರಲ್ಲಿ ಬಾರ್ಕರ್ ಕಟ್ಟಿಕೊಟ್ಟದ್ದು ಹುಲಿ ಬೇಟೆಯ ಕಾರು. 7,668 ಸಿಸಿಯ ನ್ಯೂ ಫ್ಯಾಂಟಮ್ ಮಾಡೆಲ್ಲಿನ ಚಾಸಿ, ಕತ್ತಲಲ್ಲಿ ಕಾಡು ಜಾಲಾಡಲು ಸರ್ಚ್‌ಲೈಟ್, ಕೋವಿ ಇಡಲು ಜಾಗ, ಹಿಂದೆ ಎಳೆದುಕೊಂಡು ಹೋಗಲು ಮೆಷಿನ್ ಗನ್ ಕೂರಿಸಿದ ಟ್ರೇಲರ್. ಹೈದರಾಬಾದಿನದು ಇದಕ್ಕೆ ತದ್ವಿರುದ್ಧ. ನಿಜಾಮ ಮಹಬೂಬ್ ಅಲಿ ಖಾನ್ ಆರ್ಡರ್ ಕೊಟ್ಟರು, 1911ರಲ್ಲಿ ತೀರಿಕೊಂಡರು, 1912ರ ಆ ಹಳದಿ ಸಿಲ್ವರ್ ಘೋಸ್ಟ್ ಮಾಡೆಲ್ಲಿನ ಕಾರು ಮಗನ ಪಾಲಿಗೆ ಬಂತು. ಹಿಂದಿನ ಸೀಟೇ ಸಿಂಹಾಸನ. ಅದು ಓಡಿದ್ದು ಕೆಲವೇ ನೂರು ಮೈಲಿ, ಈಗ ಚೌಮಹಲ್ಲಾ ಅರಮನೆಯಲ್ಲಿದೆ. ಮೆರವಣಿಗೆಗೆ ಸ್ಪೀಡು ಯಾಕೆ ಬೇಕು? ಕಾಲಾಳಿನ ಜೊತೆ ಜರ್ಕ್ ಹೊಡೆಯದೆ ಹೋದರೆ ಸಾಕು ಅಲ್ವಾ? ಏಳು ಲೀಟರಿಗೂ ಮೀರಿದ ಆ ಎಂಜಿನ್ ಟಾಪ್ ಗೇರಿನಲ್ಲೇ ನಡಿಗೆಯ ವೇಗಕ್ಕೆ ಇಳಿಯುತ್ತದೆ, ಕೆಮ್ಮುವುದಿಲ್ಲ. ಇನ್ನು ರಾಣಿಯರ ಕಾರುಗಳಿಗೆ ಪರದೆ ಇಲ್ಲವೇ ಕಪ್ಪು ಗಾಜು.

ಕೆಲವು ವರ್ಷದ ಹಿಂದೆ 1926ರ ಕಾರೊಂದು ನಮ್ಮಲ್ಲಿಗೆ ಬಂತು. ಗುಜರಾತಿನ ಸಣ್ಣ ಸಂಸ್ಥಾನದ್ದು. ಅದಕ್ಕೂ ಮೊದಲು ಯಾವುದೋ ಗ್ಯಾರೇಜಿನಲ್ಲಿ ಫಳಫಳ ಮಾಡಿಸಿದ್ದರು. ರೇಡಿಯೇಟರ್ ಕವಚಕ್ಕೆ ಕ್ರೋಮ್ ಹೊಡೆದಿದ್ದು ನೋಡಿ ಹೊಟ್ಟೆ ಉರಿಯಿತು. ಅದು ಜರ್ಮನ್ ಸಿಲ್ವರ್. ಅದೇ, ಮನೆಯಲ್ಲಿ ಪೂಜೆ ಸಾಮಾನು ಇರುತ್ತದಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ್ದು, ಬೆಳ್ಳಿ ಚೂರೂ ಇಲ್ಲ. ಉಜ್ಜಿದರೆ ತುಸು ಹಳದಿ ಬೆರೆತ ಹೊಳಪು. ಕ್ರೋಮ್ ನೀಲಿ ಹೊಡೆಯುತ್ತದೆ, ಮಾರು ದೂರದಿಂದಲೇ ಗೊತ್ತಾಗುತ್ತದೆ.

ಮಡ್‌ಗಾರ್ಡಿನ ಪೇಂಟ್ ಕೆರೆಯುತ್ತಿದ್ದ ನಮ್ಮ ಹುಡುಗ ಕರೆದ. ಪುಟ್ಟಿ ಪದರ ಎದ್ದು, ಅಡಿಯಲ್ಲಿ ಚೌಕಾಕಾರವಾಗಿ ನಾಲ್ಕು ತೂತು ಕಂಡವು. ಅಂಚು ನಯವಾಗಿ ಅರ ಹಾಕಿದ್ದು, ಒಳಬದಿಗೆ ಗಟ್ಟಿ ಇರಲಿ ಅಂತ ಪಟ್ಟಿ ಕೂರಿಸಿದ್ದು. ಆಮೇಲೆ ಯಾರೋ ಸುಮ್ನೆ ಡ್ರಿಲ್ ಹಿಡಿದು ಕೊರೆದದ್ದಾದರೆ ಹೀಗಿರುವುದಿಲ್ಲ. ಮಾಲೀಕರು ಬಂದವರೇ, "ಸಾರ್, ವೆಲ್ಡ್ ಮಾಡಿ ಮುಚ್ಚಿಬಿಡಿ, ನೀಟಾಗಿ ಕಾಣಬೇಕು" ಅಂದರು. ನಾನು ತಡೆದೆ. ಚಾಸಿ ನಂಬರ್ ಕೊಟ್ಟು ಇಂಗ್ಲೆಂಡಿನಿಂದ ಚಾಸಿ ಕಾರ್ಡಿನ ನಕಲು ತರಿಸಿದೆವು. ಕಾರು ಯಾರಿಗೆ ಹೋಯಿತು, ಬಾಡಿ ಯಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಜೊತೆಗೆ ಮಾಲೀಕರ ಮನೆಯ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು. ಅದೇ ಮಡ್‌ಗಾರ್ಡ್, ಅದರ ಮೇಲೆ ಬುಟ್ಟಿಯಷ್ಟು ದೊಡ್ಡ ಸರ್ಚ್‌ಲೈಟ್.

ಕ್ರೋಮ್ ತೆಗೆಸಿದ್ದೇವೆ. ಮರದ ಮೂರು ತುಂಡು ಮಾತ್ರ ಹೊಸದು, ಸ್ಕ್ರೂ ಎಲ್ಲ ಹಿತ್ತಾಳೆಯದು. ಕಬ್ಬಿಣದ್ದು ಹಾಕಿದರೆ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಲೈಟ್ ಇನ್ನೂ ಸಿಕ್ಕಿಲ್ಲ. ನಾಲ್ಕು ತೂತಿಗೂ ಸದ್ಯಕ್ಕೆ ಹಿತ್ತಾಳೆ ಬಿರಡೆ ಹಾಕಿದ್ದೇವೆ. ಸಿಕ್ಕ ದಿನ ತಿರುಗಿಸಿ ತೆಗೆದರಾಯಿತು.